ಬಳ್ಳಾರಿ ಬಿಡೋದು ಆಮೇಲೆ, ಮೊದಲು 1 ಹಾಕಿ ಗುಣಿಸಿ

ಗಣಿತದ ಪಿಎಚ್‌ಡಿಗೆ ಗೈಡು ಇನ್ನರ್ ಫಂಕ್ಷನ್, ಮಲ್ಟಿಪ್ಲೈಯರ್ ಅಂತ ವಿಷಯ ಕೊಟ್ಟಿದ್ದಾರೆ, ಬಳ್ಳಾರಿಯಲ್ಲಿ ಕೂತು ಇದು ಆಗುತ್ತಾ, ಇಲ್ಲಾ ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ನನ್ನ ಹಳೇ ಡೈರಿ ಓದಿದ ಹಾಗಾಯಿತು. ಕೌಲ್ ಬಜಾರಿನಲ್ಲಿ ತಗಡಿನ ಶೀಟಿನ ರೂಮು. ಏಪ್ರಿಲ್ ಬಿಸಿಲು. ಫ್ಯಾನ್ ಹಾಕಿದರೆ ಬಿಸಿಗಾಳಿ, ಆರಿಸಿದರೆ ಹಾಳೆ ಮೇಲೆ ಬೆವರು. ಏನು ಎಡವಟ್ಟಾದರೂ ಊರನ್ನೇ ಬೈಯುತ್ತಿದ್ದೆ.

ಹಾರ್ಡಿ ಸ್ಪೇಸ್‌ನಲ್ಲಿ ನನಗೆ ಕೈ ಕುದುರಿತ್ತು. ತ್ರಿಜ್ಯ 1ರ ಡಿಸ್ಕಿನ ಮೇಲೆ ಪವರ್ ಸೀರೀಸ್ ಆಗಿ ಬರೆಯಬಹುದಾದ, ಗುಣಾಂಕಗಳ ಗಾತ್ರದ ವರ್ಗಗಳ ಮೊತ್ತ ಫೈನೈಟ್ ಆದ ಫಂಕ್ಷನ್‌ಗಳ ಗುಂಪು ಅದು. ಅಲ್ಲಿ ಬೌಂಡೆಡ್ ಆಗಿದ್ದರೆ, ಅಂದರೆ ಗಾತ್ರ ಒಂದು ಮಿತಿ ದಾಟದಿದ್ದರೆ ಸಾಕು, ಫಂಕ್ಷನ್ ಮಲ್ಟಿಪ್ಲೈಯರ್ ಆಗುತ್ತದೆ, ಅದರಿಂದ ಗುಣಿಸಿದರೆ ಸ್ಪೇಸಿನ ಹೊರಗೆ ಹೋಗುವುದಿಲ್ಲ. ಇನ್ನರ್ ಫಂಕ್ಷನ್ನಿನ ಗಾತ್ರ ಡಿಸ್ಕಿನ ಅಂಚಿನಲ್ಲಿ ಬಹುತೇಕ ಎಲ್ಲೆಡೆ 1, ಒಳಗೆ 1ನ್ನು ದಾಟುವುದೇ ಇಲ್ಲ, ಹಾಗಾಗಿ ಚಿಂತೆಯಿಲ್ಲ. ಶಿಫ್ಟ್, ಅಂದರೆ ಝಡ್‌ನಿಂದ ಗುಣಿಸುವುದು, ತಮ್ಮಿಂದ ಹೊರಗೆ ಒಯ್ಯದ ಕ್ಲೋಸ್ಡ್ ಸಬ್‌ಸ್ಪೇಸ್‌ಗಳೆಲ್ಲ, ಸೊನ್ನೆಯದೊಂದು ಬಿಟ್ಟು, ಇಡೀ ಸ್ಪೇಸನ್ನು ಯಾವುದೋ ಇನ್ನರ್ ಫಂಕ್ಷನ್‌ನಿಂದ ಗುಣಿಸಿದವೇ ಅಂತ ಗಣಿತಜ್ಞ ಬರ್ಲಿಂಗ್ 1949ರಲ್ಲೇ ತೋರಿಸಿದ್ದಾರೆ. ಇದನ್ನೇ ಡಿರಿಶ್ಲೆ ಸ್ಪೇಸ್ ಅನ್ನೋ ಇನ್ನೊಂದು ಫಂಕ್ಷನ್ ಗುಂಪಿಗೆ ಹೊತ್ತುಕೊಂಡು ಹೋದರೆ ಥೀಸಿಸ್ ಮುಗಿಯಿತು ಅಂದುಕೊಂಡೆ.

ಮೊದಲ ಪುಟದ ಮೂರನೇ ಸಾಲಿನಲ್ಲಿ ಬರೆದೆ: ಥೀಟಾ ಒಂದು ಇನ್ನರ್ ಫಂಕ್ಷನ್, ಬೌಂಡೆಡ್, ಆದ್ದರಿಂದ ಮಲ್ಟಿಪ್ಲೈಯರ್. ಆ ಸಾಲಿನ ಮೇಲೆ 32 ಪುಟ ಕಟ್ಟಿದೆ. 14 ತಿಂಗಳು. ಪೇಪರ್ ಕಳಿಸಿದರೆ ರೆಫರಿಯಿಂದ ಬಂದದ್ದು ಇಷ್ಟೇ: ಸ್ಪೇಸಿನಲ್ಲಿ 1 ಅನ್ನೋ ಸ್ಥಿರ ಫಂಕ್ಷನ್ ಇದೆಯಲ್ಲ, ಅದಕ್ಕೆ ಗುಣಿಸಿ ನೋಡಿ.

ನೋಡಿದೆ. ಮಲ್ಟಿಪ್ಲೈಯರ್ ಅಂದರೆ ಸ್ಪೇಸಿನ ಯಾವ ಫಂಕ್ಷನ್ನಿಗೆ ಗುಣಿಸಿದರೂ ಉತ್ತರ ಸ್ಪೇಸಿನಲ್ಲೇ ಉಳಿಯಬೇಕು. 1ಕ್ಕೆ ಗುಣಿಸಿದರೆ ಥೀಟಾನೇ ಬರುತ್ತದೆ. ಅಂದರೆ ಥೀಟಾ ಮೊದಲು ಆ ಸ್ಪೇಸಿನ ಒಳಗಿರಬೇಕು. ಇಷ್ಟು ಹೊಳೆಯಲಿಲ್ಲ ನನಗೆ! ಡಿರಿಶ್ಲೆ ಸ್ಪೇಸಿನಲ್ಲಿ ಇರಬೇಕಾದರೆ ಫಂಕ್ಷನ್ ಮುಚ್ಚುವ ಜಾಗದ ವಿಸ್ತೀರ್ಣ ಫೈನೈಟ್ ಆಗಿರಬೇಕು, ಅದೂ ಎಷ್ಟು ಸಲ ಮುಚ್ಚಿತೋ ಅಷ್ಟು ಸಲ ಎಣಿಸಿ. ನಮ್ಮ ಸಿರುಗುಪ್ಪ ಕಡೆ ಕಾಲುವೆ ನೀರಲ್ಲಿ ಒಂದೆಕರೆಗೆ ಎರಡು ಬೆಳೆ ಭತ್ತ ತೆಗೆದರೆ ಬಿತ್ತನೆ ಲೆಕ್ಕದಲ್ಲಿ ಎರಡೆಕರೆ, ಅಲ್ವಾ? ಹಾಗೆ. ಈಗ ಝಡ್ + 1 ಅನ್ನು ಝಡ್ - 1ರಿಂದ ಭಾಗಿಸಿ, ಬಂದದ್ದನ್ನು ಇ ತಲೆ ಮೇಲೆ ಘಾತವಾಗಿ ಕೂರಿಸಿ. ಪಕ್ಕಾ ಇನ್ನರ್ ಫಂಕ್ಷನ್. ಭಾಗಾಕಾರ ಡಿಸ್ಕನ್ನು ಎಡ ಅರ್ಧ ಸಮತಲಕ್ಕೆ ಒಯ್ಯುತ್ತದೆ. ಆಮೇಲೆ ಇ ಪ್ರತಿ 2 × ಪೈ × ಐ ದೂರಕ್ಕೊಮ್ಮೆ ಅದೇ ಬೆಲೆಗೆ ವಾಪಸ್ ಬರುತ್ತದೆ. ಹೀಗಾಗಿ ಡಿಸ್ಕಿನಲ್ಲಿ ಸೊನ್ನೆ ಬಿಟ್ಟು ಪ್ರತಿ ಬಿಂದುವಿಗೂ ಕೊನೆಯಿಲ್ಲದಷ್ಟು ಬೆಳೆ. ವಿಸ್ತೀರ್ಣ ಇನ್ಫಿನಿಟಿ. ಫಂಕ್ಷನ್ ಸ್ಪೇಸಿನ ಹೊರಗೆ, ನನ್ನ 32 ಪುಟ ಕಸದ ಬುಟ್ಟಿಗೆ. ಆ ಸ್ಪೇಸಿನಲ್ಲಿ ಉಳಿಯುವ ಇನ್ನರ್ ಫಂಕ್ಷನ್‌ಗಳು ಫೈನೈಟ್ ಬ್ಲಾಷ್ಕೆ ಪ್ರಾಡಕ್ಟ್‌ಗಳು ಮಾತ್ರ, ಅಂದರೆ ಡಿಸ್ಕಿನಲ್ಲಿ ಎಣಿಸಬಹುದಾದಷ್ಟೇ ಸೊನ್ನೆಗಳಿರುವ, ಸರಳ ಭಾಗಾಕಾರಗಳ ಗುಣಲಬ್ಧಗಳು. ಎನ್ ಸೊನ್ನೆ ಇದ್ದರೆ ಎನ್ ಬೆಳೆ, ವಿಸ್ತೀರ್ಣ ಫೈನೈಟ್.

ಒಳಗಿದ್ದು, ಬೌಂಡೆಡ್ ಆಗಿದ್ದರೂ ಅಲ್ಲಿ ಸಾಲದು, ಅದು ಬೇರೆ ರಗಳೆ. 1980ರಲ್ಲಿ ಗಣಿತಜ್ಞ ಸ್ಟೆಗೆಂಗಾ ಕೆಪ್ಯಾಸಿಟಿ ಅನ್ನೋ, ಸೆಟ್ಟುಗಳ ಗಾತ್ರ ಅಳೆಯುವ ಒಂದು ಬಗೆಯನ್ನು ತಂದು ಬಗೆಹರಿಸಿದ್ದಾರೆ, ಓದಿ.

ಊರು ಬಿಡಬೇಕಾ ಅಂದರೆ, ನಿಮ್ಮ ಪ್ರಶ್ನೆಯೇ ತಪ್ಪು. ನನ್ನ ತಪ್ಪು ಬೆಂಗಳೂರಲ್ಲೂ ಅದೇ ಮೂರನೇ ಸಾಲಿನಲ್ಲಿ ಇರುತ್ತಿತ್ತು, ಬಾಡಿಗೆ ಜಾಸ್ತಿ ಅಷ್ಟೇ. ಎಷ್ಟೋ ಪೇಪರ್‌ಗಳು ಆರ್ಕೈವ್ (arXiv) ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮಗೆ ಬೇಕಿರುವುದು ಸಂಜೆ ಮಿರ್ಚಿ, ಒಗ್ಗರಣೆ ಮುಂದಿಟ್ಟುಕೊಂಡು "ಯಾಕೆ?" ಅಂತ ಕೇಳುವ ಒಬ್ಬ ಗೆಳೆಯ. ಅವನಿಗೆ ಗಣಿತ ಬರದಿದ್ದರೂ ನಡೆಯುತ್ತದೆ.

ಈಗ ಹೊಸ ಹಾಳೆ ತೆಗೆದರೆ ಮೊದಲು ಮೂಲೆಯಲ್ಲಿ 1 ಅಂತ ಬರೆಯುತ್ತೇನೆ. ಪ್ರತಿ ಹಾಳೆಯಲ್ಲೂ. ನನ್ನ ಹೆಂಡತಿ ಅದನ್ನು ಪುಟದ ನಂಬರ್ ಅಂದುಕೊಂಡು, ಇವರು ಎರಡನೇ ಪುಟಕ್ಕೆ ಯಾವಾಗ ಹೋಗ್ತಾರೋ ಅಂತಾಳೆ.