ಜೇಡ್ ಬಳ್ಳಿಯಲ್ಲಿ ಬರೀ ಎಲೆ

ಪ್ರಶ್ನೆ: ಜೇಡ್ ಬಳ್ಳಿ ನೆಟ್ಟು ಮೂರು ವರ್ಷವಾಯಿತು. ಮಳೆಗಾಲ ಮುಗಿದೊಡನೆ ಪ್ರತಿವರ್ಷ ಸವರುತ್ತೇವೆ. ಹೂವೇ ಇಲ್ಲವಲ್ಲ?
– ಓದುಗರು, ಮೂಡಿಗೆರೆ

ಉತ್ತರ: ಸವರುವ ಹೊತ್ತೇ ತಪ್ಪು. ಫಿಲಿಪ್ಪೀನ್ಸ್‌ನ ಲುಝಾನ್, ಮಿಂಡೊರೊ ದ್ವೀಪಗಳ ಕಾಡಿನ ಈ ಬಳ್ಳಿ, ಅವರೆಯ ಕುಟುಂಬದ್ದು. ಹೂಗೊಂಚಲು ಇಳಿಯುವುದು ಬಲಿತ ಕಾಂಡದಿಂದ; ಮಳೆಗಾಲ ಮುಗಿದೊಡನೆ ಸವರಿದರೆ ಅದೇ ಹೋಗುತ್ತದೆ. ಬೇಸಿಗೆಯ ಹೂಗಾಲ ಕಳೆದ ಮೇಲಷ್ಟೇ ಒಣಗಿದ, ಹೆಣೆದುಕೊಂಡ ಕವಲು ತೆಗೆಯಿರಿ. ಯೂರಿಯಾ ಬೇಡ, ಎಲೆಯೇ ಹೆಚ್ಚುತ್ತದೆ. ಬುಡ ತಂಪಾಗಿರಲಿ, ನೀರು ಮಾತ್ರ ನಿಲ್ಲಬಾರದು; ಬೇರು ಕೊಳೆಯುತ್ತದೆ. ಗೊಂಚಲು ಮೂರಡಿ ಮೀರಿ ಜೋತಾಡುವುದರಿಂದ ಚಪ್ಪರ ಹತ್ತಡಿ ಎತ್ತರದ್ದಾಗಲಿ, ಕಂಬ ಗಟ್ಟಿಯಿರಲಿ. ಕಾಯಿಯ ಆಸೆ ಬಿಡಿ: ತವರಿನಲ್ಲಿ ಪರಾಗಸ್ಪರ್ಶ ಬಾವಲಿಯ ಕೆಲಸ, ಇಲ್ಲಿ ಅದನ್ನು ನೆಚ್ಚುವಂತಿಲ್ಲ. ಬೀಜವೂ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಹೊಸ ಗಿಡಕ್ಕೆ ಗೂಟಿ ಕಟ್ಟುವುದೇ (ಬಳ್ಳಿಯಲ್ಲಿರುವಾಗಲೇ ಕವಲಿಗೆ ಬೇರು ಬರಿಸುವುದು) ವಾಸಿ.