ಕೆಲಸಕ್ಕೆ ಆರು ತಿಂಗಳು ರಜೆ ಹಾಕಿ ಓದಿದರೆ ಟಿವಿ ಕ್ವಿಜ್‌ನಲ್ಲಿ ಗೆಲ್ಲಬಹುದಾ? ಯಾವ ಪುಸ್ತಕ ಓದಬೇಕು?

ಉಡುಪಿಯಲ್ಲಿ ಕೆಲಸ, ಜಿಕೆ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ರಜೆ ಹಾಕಿ ಕೂತು ಓದಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ಕಾಲದಲ್ಲಿ ಸಿಕ್ಕಸಿಕ್ಕವರ ತಲೆ ತಿಂದವ. ಹಾಟ್‌ಸೀಟಿನಲ್ಲಿ ಕೂತು ಬಂದದ್ದೂ ಆಯಿತು, ಈಗ ನಮ್ಮ ಕಡೆಯಿಂದ ಹೋಗುವವರಿಗೆ ಅಭ್ಯಾಸ ಮಾಡಿಸುತ್ತೇನೆ. ರಜೆ ಹಾಕಬೇಡಿ ಮಾರಾಯ್ರೆ. ಪುಸ್ತಕದ ಪಟ್ಟಿಯೂ ನಾನು ಕೊಡುವುದಿಲ್ಲ. ಏನೂ ಗೊತ್ತಿಲ್ಲದ ಪ್ರಶ್ನೆ ಬಂದರೆ ಜನ ಸುಮ್ಮನೆ ಕ್ವಿಟ್ ಮಾಡಿ ದುಡ್ಡು ತೆಗೆದುಕೊಂಡು ಬರುತ್ತಾರೆ. ಮುಳುಗಿಸುವುದು ಅರ್ಧ ಗೊತ್ತಿರುವ ಪ್ರಶ್ನೆ. ಅದಕ್ಕೆ ಯಾವ ಪುಸ್ತಕದಲ್ಲೂ ಮದ್ದಿಲ್ಲ.

ಮೊದಲು ಮೊತ್ತದ ಏಣಿ ನೋಡಿ. ಹಿಂದಿಯ ಕೆಬಿಸಿಯಲ್ಲಿ, ಅಂದರೆ ಕೌನ್ ಬನೇಗಾ ಕರೋಡ್‌ಪತಿಯಲ್ಲಿ, ಹಲವು ಸೀಸನ್ ನಡೆದ ಪಟ್ಟಿ ಇದು: 1,000, 2,000, 3,000, 5,000, 10,000. ಅಲ್ಲಿಂದ 20, 40, 80 ಸಾವಿರ, 1.6 ಲಕ್ಷ, 3.2 ಲಕ್ಷ. ಆಮೇಲೆ 6.4, 12.5, 25, 50 ಲಕ್ಷ, ಒಂದು ಕೋಟಿ. ಐದನೆಯದು ಮತ್ತು ಹತ್ತನೆಯದು ಭದ್ರವಾದ ಮೆಟ್ಟಿಲು, ಅಲ್ಲಿಂದ ಕೆಳಗೆ ಬೀಳುವುದಿಲ್ಲ. ಸೀಸನ್ ಬದಲಾದ ಹಾಗೆ ಮೊತ್ತವೂ ಬದಲಾಗುತ್ತದೆ, ಆದರೆ ಲೆಕ್ಕ ಹಾಕುವ ಕ್ರಮ ಅದೇ. ಕೈಯಲ್ಲಿರುವ ಮೊತ್ತದಿಂದ, ತಪ್ಪಾದರೆ ಬೀಳುವ ಮೊತ್ತವನ್ನು ಕಳೆಯಿರಿ. ಮುಂದೆ ಸಿಗುವ ಮೊತ್ತದಿಂದಲೂ ಅದನ್ನೇ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ ಸರಿ ಎಂಬ ಭರವಸೆ ಕನಿಷ್ಠ ಅಷ್ಟಾದರೂ ಇದ್ದರೆ ಮಾತ್ರ ಆಡಿದ್ದಕ್ಕೆ ಅರ್ಥ.

ಹತ್ತನೆಯ ಪ್ರಶ್ನೆಗೆ ಹಾಕಿ ನೋಡಿ. ಕೈಯಲ್ಲಿ 1,60,000, ತಪ್ಪಾದರೆ 10,000, ಸರಿಯಾದರೆ 3,20,000. ಒಂದೂವರೆ ಲಕ್ಷವನ್ನು ಮೂರು ಲಕ್ಷ ಹತ್ತು ಸಾವಿರದಿಂದ ಭಾಗಿಸಿದರೆ ಹತ್ತಿರ ಹತ್ತಿರ ಶೇ. 48. ಹನ್ನೊಂದನೆಯದು ಪುಕ್ಕಟೆ, ತಪ್ಪಾದರೂ 3.2 ಲಕ್ಷ ಎಲ್ಲಿಗೂ ಹೋಗುವುದಿಲ್ಲ. ಹನ್ನೆರಡನೆಯದಕ್ಕೆ ಶೇ. 34 ಸಾಕು. ಕೋಟಿಯ ಪ್ರಶ್ನೆಗೆ ಮತ್ತೆ 48. ಅಂದರೆ ಹನ್ನೆರಡನೆಯದರಲ್ಲಿ ಧೈರ್ಯ ಮಾಡುವುದು ಹತ್ತನೆಯದರಲ್ಲಿ ಮಾಡುವುದಕ್ಕಿಂತ ಸಸ್ತಾ! ಜನ ಮಾಡುವುದು ಪೂರ್ತಿ ಉಲ್ಟಾ: ಹತ್ತರಲ್ಲಿ ಹುಂಬತನ, ಹನ್ನೆರಡರಲ್ಲಿ ಕೈಕಾಲು ನಡುಕ. ಮನೆ ಸಾಲ ಇರುವವರು ಶೇ. 48ಕ್ಕೆ ಆಡಬೇಕೆಂದು ನಾನು ಹೇಳುವುದಿಲ್ಲ, ಅವರು 70 ಅಂತ ಇಟ್ಟುಕೊಳ್ಳಲಿ. ಆದರೆ ಆ ಅಂಕಿ ಮನೆಯಲ್ಲೇ ನಿಶ್ಚಯವಾಗಿರಬೇಕು, ಲೈಟಿನ ಕೆಳಗೆ ಕೂತು ಅಲ್ಲ.

ಈಗ ಅರ್ಧ ಗೊತ್ತಿರುವುದು ಅಂದರೆ ಏನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋದದ್ದೂ ಇಂಥದೇ ಒಂದು ಊರ ಕಡೆಯ ಪ್ರಶ್ನೆಯಲ್ಲಿ, ಲೈಫ್‌ಲೈನ್ (ಉತ್ತರಕ್ಕೆ ನೆರವು ಪಡೆಯುವ ಅವಕಾಶ) ಇನ್ನೂ ಉಳಿದಿದ್ದಾಗ. ಅಭ್ಯಾಸದಲ್ಲಿ ನಾನು ಹತ್ತನೆಯದಾಗಿ ಹಾಕುವುದು ಇದನ್ನು: "1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಬ್ಯಾಂಕ್ ಯಾವುದು? ಎ. ಕೆನರಾ, ಬಿ. ಕಾರ್ಪೊರೇಷನ್, ಸಿ. ಸಿಂಡಿಕೇಟ್, ಡಿ. ವಿಜಯಾ." ಹುಬ್ಬಳ್ಳಿಯವರು ಇದಕ್ಕೆ ತಕ್ಷಣ ಲೈಫ್‌ಲೈನ್ ಕೇಳುತ್ತಾರೆ. ನಮ್ಮವರು ಪ್ರಶ್ನೆ ಮುಗಿಯುವ ಮೊದಲೇ ನಗುತ್ತಾರೆ. ಕಿವಿಗೆ "ಉಡುಪಿ" ಗಟ್ಟಿಯಾಗಿ ಬಿದ್ದವರು ಸಿಂಡಿಕೇಟ್ ಅನ್ನುತ್ತಾರೆ, ಅದು ಹುಟ್ಟಿದ್ದು ಉಡುಪಿಯಲ್ಲೇ ಹೌದು, ಆದರೆ 1925ರಲ್ಲಿ. "1906" ಗಟ್ಟಿಯಾಗಿ ಬಿದ್ದವರು ಕೆನರಾ ಅನ್ನುತ್ತಾರೆ. ಇಸವಿ ಸರಿ, ಆದರೆ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದನ್ನು ಶುರು ಮಾಡಿದ್ದು ಮಂಗಳೂರಿನಲ್ಲಿ. ಊರೂ ಇಸವಿಯೂ ಎರಡೂ ಕೂಡುವುದು ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕಿಗೆ ಮಾತ್ರ. ಇನ್ನೂ ಒಂದು ಉಂಟು. ಕಾರ್ಪೊರೇಷನ್ನಿನ ಹಳೆಯ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಸಿಂಡಿಕೇಟಿನದ್ದು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬ್ಯಾಂಕುಗಳ ಚರಿತ್ರೆ ಸ್ವಲ್ಪ ಓದಿಕೊಂಡವರಿಗೆ ಈ "ಕೆನರಾ" ಇನ್ನಷ್ಟು ಗೊಂದಲ ಮಾಡುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ತಂಟೆಗೆ ಯಾರೂ ಹೋಗುವುದಿಲ್ಲ.

ಪ್ರಶ್ನೆಯಲ್ಲಿ ಷರತ್ತು ಎರಡು, ತಲೆ ಒಂದಕ್ಕೇ ತೃಪ್ತಿಪಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ಮಾಡುವುದು ಇಷ್ಟೇ. ಪ್ರಶ್ನೆಯನ್ನು ಬಾಯಿಬಿಟ್ಟು ಒಡೆದು ಹೇಳಿ: "ಇಸವಿ 1906, ಊರು ಉಡುಪಿ." ಆಮೇಲೆ ಪ್ರತಿ ಆಯ್ಕೆಗೂ ಎರಡೆರಡು ಟಿಕ್. ನಾಲ್ಕು ಆಯ್ಕೆಗೆ ಎಂಟು ಟಿಕ್, ಇಪ್ಪತ್ತು ಸೆಕೆಂಡಿನ ಕೆಲಸ. ಯಾವ ಟಿಕ್ ನಿಮಗೆ ಹಾಕಲು ಆಗುವುದಿಲ್ಲವೋ ಅದೇ ನಿಮಗೆ ಗೊತ್ತಿಲ್ಲದ್ದು. "ಮೊದಲ", "ಇವರಲ್ಲಿ ಯಾರು ಅಲ್ಲ", "ಸದ್ಯ" ಎಂಬ ಶಬ್ದಗಳೂ ಒಂದೊಂದು ಷರತ್ತೇ. ಬ್ಯಾಂಕಿನದ್ದೇ ಹೇಳುವುದಾದರೆ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, ಕಾರ್ಪೊರೇಷನ್ 2020ರಲ್ಲಿ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಅದೇ ವರ್ಷ ಕೆನರಾಕ್ಕೂ ಹೋಗಿ ಸೇರಿದವು. "ಸದ್ಯ" ಅಂತ ಇದ್ದರೆ ಉತ್ತರವೇ ಬೇರೆ.

ಎರಡನೆಯ ಭೂತ ಮರ್ಯಾದೆ. ಊರಿನವನಾಗಿ ಊರಿನ ಪ್ರಶ್ನೆಗೆ ಲೈಫ್‌ಲೈನ್ ತೆಗೆದುಕೊಂಡರೆ ಅತ್ತೆ ಮನೆಯವರು ಏನು ಅಂದುಕೊಂಡಾರು! ಏನೂ ಅಂದುಕೊಳ್ಳುವುದಿಲ್ಲ, ಚೆಕ್ ನೋಡುತ್ತಾರೆ. ಬಳಸದೆ ಉಳಿದ ಲೈಫ್‌ಲೈನಿಗೆ ಯಾರೂ ದುಡ್ಡು ಕೊಡುವುದಿಲ್ಲ. ದೊಡ್ಡ ಪ್ರಶ್ನೆಗೆ ಬೇಕಾದೀತು ಅಂತ ತೆಗೆದಿಟ್ಟುಕೊಂಡವರು ದೊಡ್ಡ ಪ್ರಶ್ನೆಯ ಮುಖವನ್ನೇ ನೋಡದೆ 10,000ಕ್ಕೆ ಇಳಿದುಬರುತ್ತಾರೆ. ಹತ್ತನೆಯದನ್ನು ದಾಟಲು ಎಲ್ಲ ಖರ್ಚಾದರೂ ಅಡ್ಡಿಯಿಲ್ಲ.

ಯಾವುದನ್ನು ಎಲ್ಲಿ ಅನ್ನುವುದು ಮುಖ್ಯ. ಎರಡು ತಪ್ಪು ಆಯ್ಕೆ ತೆಗೆದುಹಾಕುವ ಫಿಫ್ಟಿ-ಫಿಫ್ಟಿಯನ್ನು ಏನೂ ಗೊತ್ತಿಲ್ಲದಾಗ ತೆಗೆದುಕೊಂಡರೆ ಶೇ. 25 ಇದ್ದದ್ದು 50 ಆಗುತ್ತದೆ, ಅಷ್ಟೇ. ಎರಡರ ನಡುವೆ ತೂಗಾಡುವಾಗ ತೆಗೆದುಕೊಂಡರೆ ನಿಜವಾದ ಲಾಭ. ನಿಮ್ಮ ಎರಡರಲ್ಲಿ ಒಂದು ಸರಿ ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ಮೂರು ತಪ್ಪುಗಳಲ್ಲಿ ಮನಬಂದಂತೆ ಒಂದನ್ನು ಉಳಿಸುವುದಾದರೆ, ನಿಮ್ಮನ್ನು ಕಾಡುತ್ತಿದ್ದ ತಪ್ಪೇ ಉಳಿಯುವ ಸಂಭವ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಸಂಶಯ ಅಲ್ಲೇ ಬಗೆಹರಿಯುತ್ತದೆ. ಒಟ್ಟಿನಲ್ಲಿ ಶೇ. 50 ಇದ್ದದ್ದು 83ಕ್ಕೆ ಏರುತ್ತದೆ. "ಹೇಗೂ ಅದೇ ಎರಡು ಉಳಿಯುತ್ತವೆ" ಅಂತ ಜನ ಹೇಳುವುದು ಹಾಗೆ ಉಳಿದ ಸಲ ಮಾತ್ರ ನೆನಪಿರುವುದರಿಂದ. ಒಂದೇ ಎಚ್ಚರ: ನಿಮ್ಮ ಸಂಶಯ ಯಾವ ಎರಡರ ಮೇಲೆ ಅಂತ ಮೊದಲೇ ಬಾಯಿಬಿಡಬೇಡಿ.

ಆಡಿಯನ್ಸ್ ಪೋಲ್ ಸಿನಿಮಾ, ಕ್ರಿಕೆಟ್, ಅಡುಗೆ, ಪುರಾಣಕ್ಕೆ. ಅದು ಕೆಲಸ ಮಾಡುವ ಬಗೆ ತಿಳಿದುಕೊಳ್ಳಿ. ನೂರರಲ್ಲಿ ಇಪ್ಪತ್ತು ಜನರಿಗೆ ಗೊತ್ತಿದ್ದು ಉಳಿದ ಎಂಬತ್ತು ಜನ ಕಣ್ಣುಮುಚ್ಚಿ ಒತ್ತಿದರೂ ಸರಿಯುತ್ತರಕ್ಕೆ 40, ಬೇರೆಯವಕ್ಕೆ ಇಪ್ಪತ್ತಿಪ್ಪತ್ತು ಬೀಳುತ್ತದೆ. ಹಾಗಾಗಿ 40 ಕಡಿಮೆ ಅಂತ ಹೆದರಬೇಕಿಲ್ಲ. ಆದರೆ ಮೇಲಿನ ಬ್ಯಾಂಕಿನಂಥ ಬಲೆ ಇದ್ದರೆ ಗೊತ್ತಿಲ್ಲದವರೆಲ್ಲ ಒಂದೇ ಕಡೆ ಒತ್ತುತ್ತಾರೆ, ಆಗ 60 ಬಂದರೂ ನಂಬಿಕೆಗೆ ಯೋಗ್ಯವಲ್ಲ. ತುಳುನಾಡಿನ ಪ್ರಶ್ನೆಯನ್ನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತ ಪ್ರೇಕ್ಷಕರಿಗೆ ಒಪ್ಪಿಸುವುದಂತೂ ಬೇಡವೇ ಬೇಡ.

ಫೋನಿನ ಲೈಫ್‌ಲೈನ್ ಇರುವ ಸೀಸನ್ನಾದರೆ ಇರುವುದು ಸಾಮಾನ್ಯವಾಗಿ 30 ಸೆಕೆಂಡು. ಅದರಲ್ಲಿ ಅರ್ಧ ಓದುವುದಕ್ಕೇ ಹೋಗುತ್ತದೆ. "ಭಾವ, ಆರಾಮಾ?" ಎಲ್ಲ ಬೇಡ. ಮೊದಲು ವಿಷಯ, ಆಮೇಲೆ ಮೊಟಕಾದ ಪ್ರಶ್ನೆ, ಆಮೇಲೆ ಆಯ್ಕೆಗಳು, ಕೊನೆಗೆ "ಎಷ್ಟು ಗ್ಯಾರಂಟಿ?" ಹೆಸರು ಕೊಡುವಾಗ ಸಂಬಂಧ ನೋಡಬೇಡಿ, ವಿಷಯ ನೋಡಿ: ಚರಿತ್ರೆಯ ಲೆಕ್ಚರರ್ ಒಬ್ಬರು, ವಿಜ್ಞಾನಕ್ಕೊಬ್ಬರು, ದಿನಾ ಪೇಪರನ್ನು ಕೊನೆಯ ಪುಟದವರೆಗೆ ಓದುವ ನಿವೃತ್ತರೊಬ್ಬರು. ಗೊತ್ತಿಲ್ಲ ಅಂತ ಮೂರನೇ ಸೆಕೆಂಡಿಗೇ ಹೇಳುವವರು ಬೇಕು. ಪ್ರೀತಿಗೆ ಊಹೆ ಮಾಡುವ ಅಣ್ಣ ಬೇಡ.

ಓದುವ ಬದಲು ಏನು ಮಾಡಲಿ ಅಂದರೆ ಒಂದು ನೋಟ್‌ಬುಕ್ ಮಾಡಿ. ದಿನಕ್ಕೆ ಇಪ್ಪತ್ತು ಪ್ರಶ್ನೆ, ಪ್ರತಿ ಉತ್ತರದ ಪಕ್ಕ ನಿಮ್ಮ ಭರವಸೆ: 50, 70 ಅಥವಾ 90. ನೂರಿನ್ನೂರು ಪ್ರಶ್ನೆ ಆದ ಮೇಲೆ 70 ಅಂತ ಬರೆದವುಗಳಲ್ಲಿ ಎಷ್ಟು ಸರಿ ಅಂತ ಎಣಿಸಿ. ಅಲ್ಲಿ ನೂರಕ್ಕೆ ಐವತ್ತೇ ಸರಿಯಿದ್ದರೆ, ನಿಮ್ಮ 70 ಅಂದರೆ 50 ಅಂತ ತಿಳಿದುಕೊಂಡು ಸೀಟಿನಲ್ಲಿ ಕೂರಿ. ಆಫೀಸಿನ ಚಹಾ ಬಿಡುವಿನಲ್ಲೂ ಆಗುವ ಕೆಲಸ ಇದು.

ಇಷ್ಟೆಲ್ಲ ಆಡಲು ಮೊದಲು ಸೀಟು ಸಿಗಬೇಕಲ್ಲ. ಸೀಟಿಗಾಗಿ ನಡೆಯುವ ಫಾಸ್ಟೆಸ್ಟ್ ಫಿಂಗರ್ ಸುತ್ತಿನಲ್ಲಿ ನಾಲ್ಕು ಆಯ್ಕೆಗಳನ್ನು ಎಲ್ಲರಿಗಿಂತ ಬೇಗ ಕ್ರಮಕ್ಕೆ ಜೋಡಿಸಬೇಕು. "ಉತ್ತರದಿಂದ ದಕ್ಷಿಣಕ್ಕೆ: ಎ. ಮೂಲ್ಕಿ, ಬಿ. ಕುಂದಾಪುರ, ಸಿ. ಸುರತ್ಕಲ್, ಡಿ. ಕಾಪು" ಅಂದುಕೊಳ್ಳಿ. ಬಸ್ಸಿನಲ್ಲಿ ಓಡಾಡಿದವರಿಗೆ ಎಲ್ಲ ಗೊತ್ತು, ಆದರೆ ಮಂಗಳೂರಿನವರ ತಲೆ ಸುರತ್ಕಲ್‌ನಿಂದ ಹೊರಡುತ್ತದೆ, ಬೆರಳು ಸಿ ಒತ್ತಿ ಆಗಿರುತ್ತದೆ. ಆಯ್ಕೆಗಳು ಪರದೆಗೆ ಬರುವ ಮೊದಲು ದಿಕ್ಕನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳಿ. ಬಂದ ಕೂಡಲೇ ಎರಡು ತುದಿ ಹಿಡಿಯಿರಿ: ಕುಂದಾಪುರ ಮೇಲೆ, ಸುರತ್ಕಲ್ ಕೆಳಗೆ. ಆಮೇಲೆ ಉಳಿಯುವುದು ಕಾಪು, ಮೂಲ್ಕಿ ಎರಡೇ. ಬಿ, ಡಿ, ಎ, ಸಿ. ಒಂದು ತಪ್ಪು ಒತ್ತಿ ಅಳಿಸಿ ಮತ್ತೆ ಒತ್ತುವಷ್ಟರಲ್ಲಿ ಇನ್ನೊಬ್ಬರು ಎದ್ದು ಕೈ ಮುಗಿಯುತ್ತಿರುತ್ತಾರೆ.

ಕ್ಯಾಮೆರಾ ಮುಂದೆ ಬಾಯಿ ಒಣಗುವವರು ಮೊದಲು ಚಂದನದ ಥಟ್ ಅಂತ ಹೇಳಿಗೆ ಪ್ರಯತ್ನಿಸಿ. ಡಾ. ನಾ. ಸೋಮೇಶ್ವರ ನಡೆಸುವ ಆ ಕಾರ್ಯಕ್ರಮದಲ್ಲಿ ಬಹುಮಾನ ಪುಸ್ತಕ, ಆದ್ದರಿಂದ ಕಳೆದುಕೊಳ್ಳುವ ಭಯವಿಲ್ಲ. ಬಟ್ಟೆ: ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಟಿವಿಯಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗುವುದಾದರೆ ಒಂದು ದಿನ ಮೊದಲೇ ಹೊರಡಿ, ಶಿರಾಡಿ ಘಾಟಿಯನ್ನು ನಂಬಲು ಆಗುವುದಿಲ್ಲ.

ತೆರಿಗೆ ಮರೆಯಬೇಡಿ. ಇಂಥ ಬಹುಮಾನಕ್ಕೆ ನೇರವಾಗಿ ಶೇ. 30, ನಿಮ್ಮ ಸಂಬಳದ ಸ್ಲ್ಯಾಬ್ ಇಲ್ಲಿ ಲೆಕ್ಕಕ್ಕಿಲ್ಲ, ಮೂಲ ವಿನಾಯಿತಿಯೂ ಇಲ್ಲ. 3,20,000ಕ್ಕೆ 96,000 ಮುರಿದುಕೊಂಡೇ ಕೊಡುತ್ತಾರೆ, ಕೈಗೆ ಬರುವುದು 2,24,000. ಅದರ ಮೇಲೆ ಶೇ. 4 ಸೆಸ್ ಅಂತ 3,840 ರೂಪಾಯಿ ರಿಟರ್ನ್ ಹಾಕುವಾಗ ನೀವೇ ಕಟ್ಟಬೇಕು. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ತರಹ ಉಂಟಾ ನೋಡಿಕೊಳ್ಳಿ. ನಮ್ಮಲ್ಲಿ ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಮನೆತನದ ಹೆಸರು ಇರುವುದು ಮಾಮೂಲು.

ಆಯ್ಕೆ ಅಂತೂ ನಿಮ್ಮ ಕೈಯಲ್ಲಿಲ್ಲ. ನೋಂದಣಿಯ ಪ್ರಶ್ನೆಗೆ ಸರಿ ಉತ್ತರ ಕಳಿಸಿದ ಲಕ್ಷಾಂತರ ಜನರಲ್ಲಿ ಕಂಪ್ಯೂಟರ್ ಹೆಸರು ಎತ್ತುತ್ತದೆ, ಆಮೇಲೆ ಫೋನಿನಲ್ಲಿ ಪ್ರಶ್ನೆ, ಆಡಿಷನ್. ರಜೆ ಹಾಕಬೇಡಿ ಅಂದದ್ದು ಇದಕ್ಕೇ. ನೋಂದಾಯಿಸಿದ ಮೇಲೆ "ನಿಮಗೆ 25 ಲಕ್ಷದ ಲಾಟರಿ ಹೊಡೆದಿದೆ, ಪ್ರೊಸೆಸಿಂಗ್ ಫೀ ಕಳಿಸಿ" ಅಂತ ವಾಟ್ಸಾಪಿನಲ್ಲಿ ಬಂದರೆ ಅದು ಮೋಸ, ಕ್ವಿಜ್‌ನಲ್ಲಿ ಲಾಟರಿ ಅನ್ನುವುದೇ ಇಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.