ದೇವರನ್ನು ನಂಬಿದರೂ ಭಯ ಹೋಗುತ್ತಿಲ್ಲ, ಏನು ಮಾಡಲಿ?

ನಂಬಿಕೆ ಗಟ್ಟಿಯಿದ್ದರೆ ಭಯವೇ ಬರಬಾರದು ಎಂದುಕೊಂಡಿದ್ದೀರಿ, ತೊಡಕು ಅಲ್ಲೇ ಇದೆ. ಬೈಬಲ್ಲಿನ 56ನೇ ಕೀರ್ತನೆಯನ್ನು ನೋಡಿ: ದಾವೀದ ಮೊದಲು ತನ್ನ ಹೆದರಿಕೆಯನ್ನು ಒಪ್ಪಿಕೊಳ್ಳುತ್ತಾನೆ. ಹೆದರುವುದಿಲ್ಲ ಎಂಬ ಮಾತು ಬರುವುದು ಅದರ ಮುಂದಿನ ವಚನದಲ್ಲಿ.

ರಾತ್ರಿ ಎರಡು ಗಂಟೆ, ನಾಳೆ ಸ್ಕ್ಯಾನ್ ರಿಪೋರ್ಟು, ಎದೆ ಡವಡವ. ಆಗ "ಕಾಪಾಡಪ್ಪಾ" ಎಂದು ಒಟ್ಟಾರೆ ಬೇಡಿದರೆ ಮನಸ್ಸು ಮತ್ತೆ ಅಲ್ಲೇ ಸುತ್ತುತ್ತದೆ. "ಗಡ್ಡೆ ಅಂದುಬಿಟ್ಟರೆ ಅಂತ ಹೆದರಿಕೆ, ಮಕ್ಕಳದೇ ಚಿಂತೆ" ಎಂದು ಇದ್ದದ್ದನ್ನು ಇದ್ದಹಾಗೆ ದೇವರ ಮುಂದೆ ಹೇಳಿಬಿಡಿ. ಆಮೇಲೆ ನಿಧಾನವಾಗಿ ನಾಮಜಪ. ಇದು ಬರೀ ಭಾವನೆಯ ಮಾತಲ್ಲ: 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಪಮಾಲೆ ಪ್ರಾರ್ಥನೆಯಾಗಲಿ ಮಂತ್ರವಾಗಲಿ, ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದ್ದವು. ಉಸಿರು ಇಳಿದರೆ ಎದೆಬಡಿತವೂ ಹದಕ್ಕೆ ಬರುತ್ತದೆ.

ರಿಪೋರ್ಟು ಚೆನ್ನಾಗಿಯೇ ಬರುತ್ತದೆ ಎಂದು ನಂಬುವುದು ದೇವರ ಮೇಲಿನ ನಂಬಿಕೆಯಲ್ಲ, ಅದು ಫಲಿತಾಂಶದ ಮೇಲಿನ ಪಣ (ಈ ವ್ಯತ್ಯಾಸ ನನಗೆ ತಿಳಿದದ್ದು ತಡವಾಗಿ). ಏನೇ ಬಂದರೂ ಜೊತೆಗಿರುತ್ತಾನೆ ಎಂಬ ಭರವಸೆ ಬೇರೆ.

ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಕೈಕಾಲು ನಡುಗಿ ಉಸಿರು ಕಟ್ಟುತ್ತಿದ್ದರೆ ಡಾಕ್ಟರನ್ನೂ ಕಾಣಿ. ಮಾತ್ರೆ ನುಂಗಿದರೆ ಭಕ್ತಿಯೇನೂ ಕಡಿಮೆಯಾಗುವುದಿಲ್ಲ.